ಪದ ಬೇಕು: ಟ್ರಿಗರ್ (ಬಂದೂಕಿನದಲ್ಲ, ಕಣ ಭೌತಶಾಸ್ತ್ರದ್ದು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಐದಕ್ಕೆ ಪ್ರಿಂಟಿಗೆ ಹೋಗಬೇಕು. ಒಂದು ಫಲಕ ಜಿನೀವಾ ಬಳಿಯ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಸಿಎಂಎಸ್ ಪ್ರಯೋಗದ್ದು.

ವಿಷಯ ಇಷ್ಟು. ಪ್ರೋಟಾನ್ ಗೊಂಚಲುಗಳು 25 ನ್ಯಾನೋಸೆಕೆಂಡಿಗೊಮ್ಮೆ ಎದುರುಬದುರಾಗಿ ಹಾಯುತ್ತವೆ. ಅಂದರೆ ಸೆಕೆಂಡಿಗೆ 4 ಕೋಟಿ ಸಲ. ಒಂದೊಂದು ಸಲದ ದಾಖಲೆಯೂ ಸುಮಾರು 1 ಮೆಗಾಬೈಟ್. ಅಷ್ಟನ್ನೂ ಇಟ್ಟುಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಆರಿಸುವ ಏರ್ಪಾಡೇ ಟ್ರಿಗರ್. ಮೊದಲ ಹಂತದ ಟ್ರಿಗರ್ ಅದನ್ನು ಸೆಕೆಂಡಿಗೆ 1 ಲಕ್ಷಕ್ಕೆ ಇಳಿಸುತ್ತದೆ. ಎರಡನೆಯದು ಸಾಲುಸಾಲು ಕಂಪ್ಯೂಟರುಗಳಲ್ಲಿ ಓಡುವ ಪ್ರೋಗ್ರಾಮು. ಅದು ಸಾವಿರದ ಆಸುಪಾಸಿಗೆ ತರುತ್ತದೆ. ಚಿತ್ರದಲ್ಲಿ ಎರಡು ಚೌಕಗಳಿವೆ, ಒಂದೊಂದರಲ್ಲಿ ಏಳೆಂಟು ಅಕ್ಷರ ಹಿಡಿಸುತ್ತದೆ.

‘ಪ್ರಚೋದಕ’ ಅಂತ ಹಾಕಿದ್ದೆ. ಒಂಬತ್ತನೇ ಕ್ಲಾಸಿನ ಮಗಳು ಓದಿ, “ಯಾರನ್ನ ಪ್ರಚೋದಿಸುತ್ತೆ? ಗಲಾಟೆ ಮಾಡೋಕಾ?” ಅಂದಳು. ಪೇಪರ್ ಓದುವ ಮಕ್ಕಳಿಗೆ ಆ ಪದ ಭಾಷಣದ ಜೊತೆ ಅಂಟಿಕೊಂಡುಬಿಟ್ಟಿದೆ.

ಇಡೀ ವ್ಯವಸ್ಥೆಗೆ ‘ದತ್ತಾಂಶ ಸಂಗ್ರಹ ವ್ಯವಸ್ಥೆ’ ಅಂತ ಇಟ್ಟಿದ್ದೇನೆ. ಅದರ ಬಗ್ಗೆ ಜಗಳ ಬೇಡ, ಪ್ಲೀಸ್.

— ಬೆಂಗಳೂರಿನಿಂದ

*

ಕುದುರೆ.

ಬಂದೂಕಿನ ಕುದುರೆ ಎಳೆದ ಅಂತ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಇದ್ದ ಪದ ಬಿಟ್ಟು ಹೊಸದು ಯಾಕ್ರೀ ಹುಡುಕಬೇಕು? ತಮಿಳಿನಲ್ಲಿ ‘ಕುದಿ’ ಅಂದರೆ ನೆಗೆಯುವುದು. ಅದರಿಂದಲೇ ಕುದುರೆ ಬಂತು ಅನ್ನುವವರಿದ್ದಾರೆ. ತಟ್ಟನೆ ನೆಗೆಯುವ ಯಾವ ಭಾಗಕ್ಕೂ ಹೊಂದುತ್ತದೆ.

ದತ್ತಾಂಶದ ಬಗ್ಗೆ ಒಂದೇ ಮಾತು. ದತ್ತ ಅಂದರೆ ಕೊಟ್ಟದ್ದು. ಅಲ್ಲಿ ಯಾರೂ ಕೊಡುತ್ತಿಲ್ಲ, ಇವರೇ ಕಿತ್ತುಕೊಳ್ಳುತ್ತಿದ್ದಾರೆ.

— ಧಾರವಾಡದಿಂದ

*

ಸರ್, ‘ಮೊದಲ ಹಂತದ ಕುದುರೆ’ ಅಂದರೆ ಮಕ್ಕಳು ರೇಸ್ ಕೋರ್ಸ್ ಅಂದುಕೊಳ್ಳುತ್ತಾರೆ. ಕೆಳಗೆ ಬಾಣದ ಗುರುತು ಬೇರೆ ಇದೆ.

— ಬೆಂಗಳೂರಿನಿಂದ

*

ಇಂಗ್ಲೀಶಿನ ಟ್ರಿಗರ್ ಡಚ್ಚರ ‘ಟ್ರೆಕರ್’ ಎಂಬ ಪದದಿಂದ ಬಂದಿದೆ. ಎಳೆಯುವಂತದ್ದು ಎಂದು ಅದರ ತಿರುಳು. ಹಾಗಾಗಿ ಕನ್ನಡದಲ್ಲಿ ‘ಎಳೆಗ’ ಎನ್ನಬಹುದು. ಸಂಸ್ಕ್ರುತದ ಪ್ರಚೋದಕ ನಮ್ಮ ಬಾಶೆಗೆ ಹೊರೆ. ಬೇರುಪದ ಇಟ್ಟುಕೊಂಡು ಪದ ಕಟ್ಟಲು ಕಲಿತರೆ ಇಂತಹ ಪ್ರಶ್ನೆಯೇ ಏಳುವುದಿಲ್ಲ.

— ಶಿವಮೊಗ್ಗದಿಂದ

*

‘ಎಳೆಗ’ ಎಳೆ ಮಗುವಿನ ಹಾಗೆ ಕೇಳುತ್ತದೆ. ಮಹಾಪ್ರಾಣ ನುಂಗಿದ್ದಕ್ಕೆ ಪದಕ್ಕೆ ಪ್ರಾಣವೂ ಹೋದಂತಿದೆ. ಬಿಡಿ.

ಕಣ ಭೌತಶಾಸ್ತ್ರ ಅಂದಿರಲ್ಲ, ಕಣಕ್ಕೇ ಹೋಗೋಣ. ರಾಗಿ ಒಕ್ಕಿದ ಮೇಲೆ ಗಾಳಿ ನೋಡಿಕೊಂಡು ತೂರುತ್ತೇವೆ. ಹೊಟ್ಟು ಒಂದೇ ಏಟಿಗೆ ಹಾರಿಹೋಗುತ್ತದೆ. ಅಲ್ಲಿ ಒಂದೊಂದು ಕಾಳು ನೋಡುವ ಪುರುಸೊತ್ತಿಲ್ಲ. ಆಮೇಲೆ ಉಳಿದದ್ದನ್ನು ಮೊರದಲ್ಲಿ ಹಾಕಿಕೊಂಡು ಕೂತು ಕೇರುತ್ತೇವೆ. ಜೊಳ್ಳು, ಕಲ್ಲು ಆಗ ಕಣ್ಣಿಗೆ ಬೀಳುತ್ತವೆ. ನಿಮ್ಮ ಎರಡು ಹಂತ ಇದೇ ಅಲ್ವಾ? ಮೊದಲ ಚೌಕಕ್ಕೆ ‘ತೂರಿಕೆ’, ಎರಡನೆಯದಕ್ಕೆ ‘ಕೇರಿಕೆ’. ಮೂರು ಮೂರು ಅಕ್ಷರ. ಜಾಗ ಮಿಕ್ಕುತ್ತದೆ.

— ಮಂಡ್ಯದಿಂದ

*

ಒಕ್ಕುವ ಕಣ ತಮಿಳಿನ ‘ಕಳಂ’ ಜೊತೆಯದು. ಅಣುವಿನ ಕಣ ಸಂಸ್ಕೃತದ್ದು. ಎರಡನ್ನೂ ಒಂದೇ ಮೊರಕ್ಕೆ ಹಾಕಬೇಡಿ.

— ಧಾರವಾಡದಿಂದ

*

ನಾನು ಇದೇ ಕೆಲಸದ ಆಸುಪಾಸಿನಲ್ಲಿ ಇರುವವನು. ಸುಮ್ಮನಿರೋಣ ಅಂದುಕೊಂಡಿದ್ದೆ, ತೂರಿಕೆ ಓದಿ ಖುಷಿಯಾಗಿ ಬರೆಯುತ್ತಿದ್ದೇನೆ. ಮಂಡ್ಯದವರು ಅರ್ಧ ಗೆದ್ದಿದ್ದಾರೆ.

ಮೊದಲ ಹಂತದಲ್ಲಿ ಪ್ರೋಗ್ರಾಮು ಓಡಿಸಲು ಟೈಮ್ ಇಲ್ಲ. ಅದಕ್ಕೆಂದೇ ಕಟ್ಟಿದ ಎಲೆಕ್ಟ್ರಾನಿಕ್ ಬೋರ್ಡುಗಳು ಕಣಗಳ ಶಕ್ತಿ ಅಳೆಯುವ ಕ್ಯಾಲೊರಿಮೀಟರ್ ಮತ್ತು ಮ್ಯೂಆನ್ ಎಂಬ ಕಣಗಳನ್ನು ಹಿಡಿಯುವ ಪತ್ತೆಕಗಳ (ಡಿಟೆಕ್ಟರ್) ಒರಟು ಲೆಕ್ಕವನ್ನಷ್ಟೇ ನೋಡುತ್ತವೆ. 4 ಮೈಕ್ರೋಸೆಕೆಂಡಿನೊಳಗೆ ಹೂಂ ಅಥವಾ ಊಹೂಂ ಅನ್ನಬೇಕು. ಅಷ್ಟರಲ್ಲಿ ಹಿಂದಿನಿಂದ ಸುಮಾರು 160 ಸರದಿ ಬಂದು ನಿಂತಿರುತ್ತವೆ. ಪೂರ್ತಿ ಮಾಹಿತಿ ಪತ್ತೆಕದೊಳಗೇ ಸಾಲಿನಲ್ಲಿ ಕಾಯುತ್ತಿರುತ್ತದೆ. ಹೂಂ ಅಂದರೆ ಮಾತ್ರ ಹೊರಗೆ ಹೊರಡುತ್ತದೆ. ಇಲ್ಲವಾದರೆ ಅದರ ಮೇಲೆ ಹೊಸದು ಬಂದು ಕೂರುತ್ತದೆ.

ಇಲ್ಲೇ ಎರಡು ಕೆಲಸ ಒಂದು ಹೆಸರಿನಲ್ಲಿ ಸೇರಿಕೊಂಡಿವೆ. ಒಂದು, ಆರಿಸುವುದು. ಇನ್ನೊಂದು, ‘ಹೊರಡಿಸು’ ಅಂತ ಸನ್ನೆ ಕೊಡುವುದು. ತೂರಿಕೆ ಮೊದಲನೆಯದನ್ನು ಹೇಳುತ್ತದೆ, ಎರಡನೆಯದನ್ನು ಬಿಡುತ್ತದೆ. ಎಳೆಗ, ಕುದುರೆ ಎರಡೂ ಸನ್ನೆಯನ್ನು ಹೇಳುತ್ತವೆ, ಆರಿಸುವುದನ್ನು ಬಿಡುತ್ತವೆ. ಇನ್ನೊಂದು ತಕರಾರು: ಹೊಟ್ಟನ್ನು ಗುಡ್ಡೆ ಹಾಕಿ ಆಮೇಲೆ ಬಳಸಬಹುದು. ಇಲ್ಲಿ ಬಿಟ್ಟದ್ದು ಹೋಯಿತು. 2012ರಲ್ಲಿ ಘೋಷಣೆಯಾದ ಹಿಗ್ಸ್ ಬೋಸಾನ್ ಈ ಎರಡು ಹಂತ ದಾಟಿ ಬಂದ ದಾಖಲೆಗಳಲ್ಲೇ ಸಿಕ್ಕಿದ್ದು.

ಮತ್ತೆ ಸರ್ನ್‌ನದೇ ಇನ್ನೊಂದು ಪ್ರಯೋಗ ಎಲ್‌ಎಚ್‌ಸಿಬಿಯವರು 2022ರಿಂದ ಆ ಬೋರ್ಡುಗಳ ಹಂತವನ್ನೇ ತೆಗೆದರು. ಈಗ ಎಲ್ಲವೂ ಹೊರಗೆ ಬರುತ್ತದೆ, ಆರಿಸುವುದು ಪೂರ್ತಿ ಸಾಫ್ಟ್‌ವೇರಿನಲ್ಲಿ. ಆದರೂ ಅದನ್ನು ಟ್ರಿಗರ್ ಅಂತಲೇ ಕರೆಯುತ್ತಾರೆ. ಎಳೆಯುವುದು ಹೋಯಿತು, ಹೆಸರು ಉಳಿಯಿತು. ಬೇರು ಹಿಡಿದು ಅನುವಾದ ಮಾಡುವವರು ಇದನ್ನು ನೋಡಬೇಕು.

— ಜಿನೀವಾದಿಂದ

*

ಹೆಸರು ಉಳಿದಿದ್ದಕ್ಕೆ ಕಾರಣ ನಮ್ಮ ಕೋಲಾರದಲ್ಲೇ ಇದೆ. 1965ರಲ್ಲಿ ಚಿನ್ನದ ಗಣಿಯಲ್ಲಿ, 2 ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳ ಗುರುತು ಹಿಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂ, ಮೂರೂ ಕಡೆಯವರು ಸೇರಿ ಮಾಡಿದ್ದು. ಕಣ ಹಾದರೆ ಮಿನುಗುವ ಸಿಂಟಿಲೇಟರುಗಳು ಎರಡು ಬದಿಯಲ್ಲೂ ಇದ್ದವು. ಅವು ಒಟ್ಟಿಗೆ ಮಿನುಗಿದರೆ ಮಾತ್ರ ನಡುವಿನ ನಿಯಾನ್ ಕೊಳವೆಗಳಿಗೆ ವೋಲ್ಟೇಜು ಹರಿಯುತ್ತಿತ್ತು. ಕಣ ಹಾದ ದಾರಿಯ ಕೊಳವೆಗಳು ಹೊತ್ತಿಕೊಳ್ಳುತ್ತಿದ್ದವು, ಕ್ಯಾಮೆರಾ ಫೋಟೋ ತೆಗೆಯುತ್ತಿತ್ತು. ಅಲ್ಲಿ ಅದು ನಿಜಕ್ಕೂ ಕುದುರೆ. ಎಳೆದರೆ ಹಾರುತ್ತದೆ, ಇಲ್ಲವಾದರೆ ಕತ್ತಲು. ಸೆಕೆಂಡಿಗೆ ಕೋಟಿಗಟ್ಟಲೆ ಅಲ್ಲ, ಕಾದು ಕಾದು ಒಂದು.

— ಕೆಜಿಎಫ್‌ನಿಂದ

*

ಕುದುರೆ ಗೆದ್ದಿತು ನೋಡಿ.

— ಧಾರವಾಡದಿಂದ

*

ಗೆಲ್ಲಲಿಲ್ಲ. ಬಂದೂಕು ಅರಬ್ಬಿ ಪದ. ಅದರ ಕುದುರೆ ಮರಾಠಿಯ ‘ಘೋಡಾ’ದ ನಕಲು ಇರಬಹುದು. ಅದು ಮಾತ್ರ ಅಚ್ಚಗನ್ನಡ, ಎಳೆಗ ಮಾತ್ರ ನಗೆಪಾಟಲೇ?

— ಶಿವಮೊಗ್ಗದಿಂದ

*

ಮೇಜು ಪರದೇಶದ್ದು, ಕಚೇರಿ ಉತ್ತರದಿಂದ ಬಂದದ್ದು, ಬಸ್ಸು ಇಂಗ್ಲಿಷು. ಮೂರನ್ನೂ ಬಳಸಿಕೊಂಡು ದಿನಾ ಕೆಲಸಕ್ಕೆ ಹೋಗುತ್ತೀರಲ್ಲ, ಸ್ವಾಮಿ? ‘ಟ್ರಿಗರ್’ ಅಂತಲೇ ಬರೆದು ಮುಗಿಸಿ. ಮಕ್ಕಳು ಬೈಕಿನ ‘ಕ್ಲಚ್’ ಕಲಿತಿಲ್ಲವೇ?

— ಮೈಸೂರಿನಿಂದ

*

ಕ್ಲಚ್ ಕೈಗೆ ಸಿಗುತ್ತದೆ, ಹಿಡಿದು ನೋಡಿ ಕಲಿಯುತ್ತಾರೆ. ಇದು ಸಿಗುವುದಿಲ್ಲ. ಫಲಕ ಓದುವ ಮಗುವಿಗೆ ಇರುವುದು ಆ ಪದ ಒಂದೇ. ಸಾಲ ತರುವುದು ತಪ್ಪಲ್ಲ. ಏನನ್ನು ತಂದೆ ಅಂತ ಹೇಳದೆ ಬಿಡುವುದು ತಪ್ಪು.

— ಮಂಡ್ಯದಿಂದ

*

ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟಿನವರು ಎರಡು ಸಲ ಫೋನ್ ಮಾಡಿದರು, ಕಳಿಸಿಬಿಟ್ಟೆ. ಚೌಕಗಳಲ್ಲಿ ‘ಟ್ರಿಗರ್ 1’, ‘ಟ್ರಿಗರ್ 2’ ಅಂತ ಇದೆ. ಒಂದರ ಕೆಳಗೆ ಸಣ್ಣಕ್ಷರದಲ್ಲಿ ‘ತೂರುವ ಹಂತ’, ಇನ್ನೊಂದರ ಕೆಳಗೆ ‘ಕೇರುವ ಹಂತ’. ‘ಹೊರಡಿಸು’ ಅನ್ನುವ ಸನ್ನೆ ಬಾಣದ ಮೇಲೆ ಕೂತಿತು. ಜಿನೀವಾದ ಸರ್ ಹೇಳಿದ್ದು ಅಲ್ಲಿ ಸರಿಯಾಗಿ ಹೊಂದಿತು. ಮಗಳು ಮೊರ ಯಾವುದು ಅಂತ ಕೇಳಿದಳು. ಅಡುಗೆಮನೆಯಿಂದ ತಂದು ತೋರಿಸಿದೆ.

ಕುದುರೆಯ ಚಿತ್ರ ಹಾಕಿಲ್ಲ, ಧಾರವಾಡದ ಸರ್ ಬೇಜಾರು ಮಾಡಿಕೊಳ್ಳಬಾರದು.

ಎರಡನೇ ಫಲಕದಲ್ಲಿ ‘ಡೆಡ್ ಟೈಮ್’ ಇದೆ. ಪತ್ತೆಕ ಒಂದನ್ನು ಬರೆದುಕೊಳ್ಳುತ್ತಿರುವಾಗ ಇನ್ನೊಂದನ್ನು ನೋಡಲಾಗದ ಹೊತ್ತು. ‘ಮೃತ ಕಾಲ’ ಅಂದರೆ ಪಂಚಾಂಗ ತೆಗೆಯುತ್ತಾರೆ. ಅದು ಶುಕ್ರವಾರ ಪ್ರಿಂಟಿಗೆ.

— ಬೆಂಗಳೂರಿನಿಂದ

*

ಪುರುಸೊತ್ತಿಲ್ಲದ ಹೊತ್ತು.

— ಮಂಡ್ಯದಿಂದ

*

ಪುರುಸೊತ್ತು ಯಾವ ಬಾಶೆಯದು, ನೋಡಿಕೊಳ್ಳಿ.

— ಶಿವಮೊಗ್ಗದಿಂದ