ಅಪ್‌ಡೇಟ್: ಆಸ್ಟ್ರೇಲಿಯಾ ಸೆನೆಟ್ ಪಟ್ಟಿಯ ಗೊಂದಲ ಬಗೆಹರಿಯಿತು

ಹೋದ ವಾರ ಕೇಳಿದ್ದೆನಲ್ಲ, ಆಸ್ಟ್ರೇಲಿಯಾ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ 1951ರಲ್ಲಿ ಪ್ರತಿ ರಾಜ್ಯದಿಂದ 10 ಸೆನೆಟರ್‌ಗಳು ಗೆದ್ದಿದ್ದಾರೆ, 1953ರಲ್ಲಿ ಗೆದ್ದವರ ನನ್ನ ಪಟ್ಟಿಯಲ್ಲಿ ಮಾತ್ರ ಐದೈದೇ ಸಿಗ್ತಿದ್ದಾರೆ, ಅರ್ಧ ಎಲ್ಲಿ ಹೋಯ್ತು ಅಂತ?

ಏನೂ ಹೋಗಿರಲಿಲ್ಲ. ಕೇಂದ್ರಾಡಳಿತ ಪ್ರದೇಶಗಳನ್ನು ಬಿಟ್ಟಿರಬೇಕು ಅಂದವರ ಮಾತು ನಂಬಿ ಎರಡು ಸಂಜೆ ಹಾಳು ಮಾಡಿಕೊಂಡೆ. ಅವಕ್ಕೆ ಸೆನೆಟರ್‌ಗಳು ಬಂದದ್ದೇ 1975ರಲ್ಲಿ!

'ಇಸವಿ ಬಿಡಿ, ಅವಧಿ ನೋಡಿ' ಅಂದವರ ಸಲಹೆಯೇ ಕೆಲಸ ಮಾಡಿತು, ಅವರಿಗೊಂದು ದೊಡ್ಡ ಥ್ಯಾಂಕ್ಸ್. 1951ರಲ್ಲಿ ಎರಡೂ ಸದನ ವಿಸರ್ಜನೆಯಾಗಿ 60 ಸ್ಥಾನಕ್ಕೂ ಒಟ್ಟಿಗೇ ಚುನಾವಣೆ. ಆಮೇಲೆ ಅರ್ಧ ಜನರಿಗೆ ಆರು ವರ್ಷದ ಪೂರ್ಣಾವಧಿ, ಉಳಿದರ್ಧಕ್ಕೆ ಮೂರೇ ವರ್ಷ, ಅದನ್ನೂ 1950ರ ಜುಲೈನಿಂದಲೇ ಲೆಕ್ಕ ಹಿಡಿದರು. ಹಾಗಾಗಿ 1953ರ ಮೇ 9ರಂದು ಕೆಳಮನೆ ಚುನಾವಣೆಯಿಲ್ಲದೆ ಬರೀ ಅರ್ಧ ಸೆನೆಟ್‌ಗೆ ಮತದಾನ.

ಹುಡುಕುವಾಗ ಸಿಕ್ಕ ಮಜಾ: 1937ರಲ್ಲಿ ನ್ಯೂ ಸೌತ್ ವೇಲ್ಸ್‌ನ ಲೇಬರ್ ಅಭ್ಯರ್ಥಿಗಳು ಅಮೌರ್, ಆರ್ಮ್‌ಸ್ಟ್ರಾಂಗ್, ಆರ್ಥರ್, ಆಶ್ಲಿ. ನಾಲ್ವರ ಹೆಸರೂ ಇಂಗ್ಲಿಷ್‌ನಲ್ಲಿ 'ಎ'ಯಿಂದ ಶುರು, ಹಾಗಾಗಿ ಅಕಾರಾದಿ ಕ್ರಮದ ಮತಪತ್ರದಲ್ಲಿ ಮೊದಲಿಗೇ, ನಾಲ್ವರೂ ಗೆದ್ದರು! ಮುಂದೆ ಮತಪತ್ರದಲ್ಲಿ ಅಭ್ಯರ್ಥಿಗಳ ಗುಂಪುಗಳ ಜಾಗವನ್ನು ಚೀಟಿ ಎತ್ತಿ ನಿರ್ಧರಿಸತೊಡಗಿದರು. ಅದಕ್ಕೇ 50ರ ದಶಕದ ಪಟ್ಟಿಗಳಲ್ಲಿ ಅಕಾರಾದಿ ಹುಡುಕಬೇಡಿ.