ನೌಕರಿ ಬಿಟ್ಟು ಸ್ಟಾರ್ಟಪ್‌ಗೆ ಇಳಿಯಬಹುದಾ? ಅನುಭವ ಇದ್ದವರು ಹೇಳಿ

ಹೊಸಬ (ಪ್ರಶ್ನೆ):
ನಾನು, ನನ್ನ ಗೆಳೆಯ ಸೇರಿ ಟ್ಯೂಷನ್ ಹೇಳಿಕೊಡುವವರಿಗೆ ಹಾಜರಿ, ಫೀಸಿನ ಲೆಕ್ಕ ಇಡುವ ವೆಬ್‌ಸೈಟ್ ಮಾಡಿದ್ದೇವೆ. 11 ಜನ ಬಳಸುತ್ತಿದ್ದಾರೆ, ಸದ್ಯಕ್ಕೆ ಪುಕ್ಕಟೆ. 14 ತಿಂಗಳ ಖರ್ಚಿಗೆ ಆಗುವಷ್ಟು ಉಳಿತಾಯ ಇದೆ. ಈಗಲೇ ನೌಕರಿ ಬಿಡಬಹುದಾ? ಹೂಡಿಕೆದಾರರನ್ನು ಹುಡುಕಬೇಕಾ? ದಯವಿಟ್ಟು ಹೇಳಿ.

ಅರ್ಧಪಾಲು:
ಗೆಳೆಯ ಅಂದ್ರಲ್ಲ, ಅಲ್ಲೇ ಸ್ವಲ್ಪ ನಿಲ್ಲಿ. ನಾವೂ ಗೆಳೆಯರೇ, ಆರು ವರ್ಷ ಒಂದೇ ರೂಮಿನಲ್ಲಿದ್ದವರು. ನೆಟ್ಟಿನಲ್ಲಿ ಸಿಕ್ಕಿದ ಎರಡು ಪುಟದ ಕರಾರಿಗೆ ಸಹಿ ಹಾಕಿ 50–50 ಹಂಚಿಕೊಂಡೆವು. ವೆಸ್ಟಿಂಗ್ (ಕೆಲಸ ಮಾಡಿದ ಕಾಲಕ್ಕೆ ತಕ್ಕಂತೆ ಪಾಲು ಸ್ವಲ್ಪ ಸ್ವಲ್ಪವೇ ಕೈಗೆ ಬರುವ ಷರತ್ತು) ಮಾತು ಬಂದಾಗ "ನಮ್ಮಿಬ್ಬರ ಮಧ್ಯೆ ಅದೆಲ್ಲ ಯಾಕೋ" ಅಂದವನು ನಾನೇ. ಏಳನೇ ತಿಂಗಳು ಅವನಿಗೆ ಒಳ್ಳೆ ಕೆಲಸ ಸಿಕ್ಕಿತು, ಹೋದ. ಅರ್ಧ ಕಂಪನಿಯೂ ಅವನ ಜೊತೆಗೇ ಹೋಯಿತು. 4 ವರ್ಷದ ವೆಸ್ಟಿಂಗ್, 1 ವರ್ಷದ ಕ್ಲಿಫ್ (ಅದಕ್ಕೆ ಮೊದಲೇ ಬಿಟ್ಟರೆ ಏನೂ ಇಲ್ಲ) ಅಂತ ಬರೆದಿದ್ದರೆ ಅವನಿಗೆ ಸಿಗುತ್ತಿದ್ದದ್ದು ಸೊನ್ನೆ.

ಎರಡು ವರ್ಷ ಆದಮೇಲೆ ಹೂಡಿಕೆದಾರರೊಬ್ಬರು ಷೇರುಗಳ ಪಟ್ಟಿ ನೋಡಿ, ಅವನ ಹೆಸರಿನ ಮೇಲೆ ಪೆನ್ನು ಇಟ್ಟು, "ಇವರು ಏನು ಕೆಲಸ ಮಾಡ್ತಾರೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ 12% ಅವನಿಗೇ ಬಿಟ್ಟು ಉಳಿದದ್ದನ್ನು ವಾಪಸ್ ಬರೆಸಿಕೊಂಡೆ. ವಕೀಲರಿಗೆ ಹೋದದ್ದು ನನ್ನ ಹಳೇ ನೌಕರಿಯ ಮೂರು ತಿಂಗಳ ಸಂಬಳ. ಅದು ಹೋಗಲಿ. ಈಗ ಅವನ ಫೋನ್ ನಂಬರ್ ಕೂಡ ನನ್ನ ಹತ್ತಿರ ಇಲ್ಲ.

ಸ್ಪ್ಯಾಮ್_ರಾಣಿ:
ಪಾಲಿನ ಜಗಳ ಎಲ್ಲರೂ ಹೇಳ್ತಾರೆ, ಇಮೇಲ್ ಬಗ್ಗೆ ಯಾರೂ ಹೇಳಲ್ಲ. ನನ್ನ ಕಂಪನಿ ಮಲಗಿದ್ದು ಇಮೇಲ್‌ನಿಂದ. ಯಾರೋ 40,000 ವಿಳಾಸದ ಪಟ್ಟಿ ಮಾರುತ್ತಿದ್ದರು, ಕೊಂಡೆ. ಹೌದು, ತಪ್ಪು ನನ್ನದೇ, ಬೈಬೇಡಿ. ಪಾಸ್‌ವರ್ಡ್ ರೀಸೆಟ್ ಹೋಗುವ ಡೊಮೈನ್‌ನಿಂದಲೇ (ಇಮೇಲ್‌ನಲ್ಲಿ @ ಆದಮೇಲಿನ ಹೆಸರು) ಜಾಹೀರಾತು ಮೇಲನ್ನೂ ಕಳಿಸಿದೆ. ನಾಲ್ಕನೇ ದಿನದಿಂದ ರೀಸೆಟ್ ಮೇಲೂ ಸ್ಪ್ಯಾಮ್‌ಗೆ ಬೀಳತೊಡಗಿತು. ದುಡ್ಡು ಕೊಟ್ಟ ಗಿರಾಕಿಗಳಿಗೇ ಲಾಗಿನ್ ಆಗಲು ಆಗುತ್ತಿಲ್ಲ! ಒಬ್ಬರು ಫೋನ್ ಮಾಡಿ "ನೀವು ಅಂಗಡಿ ಮುಚ್ಚಿದ್ರಾ ಮೇಡಂ?" ಅಂದರು.

ಹೊಸ ಸಬ್‌ಡೊಮೈನ್ ಮಾಡಿ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜವಾಗಿ ನಮ್ಮದೇ ಅಂತ ತೋರಿಸುವ ಸೆಟ್ಟಿಂಗ್‌ಗಳು) ಎಲ್ಲ ಸರಿ ಮಾಡಿ, ದಿನಕ್ಕೆ 50 ಮೇಲ್, ಆಮೇಲೆ 100, ಆಮೇಲೆ 200 ಅಂತ ಏರಿಸುತ್ತಾ ಹೋದೆ. ಒಂಬತ್ತು ವಾರ ಹಿಡಿಯಿತು. ಅಷ್ಟರಲ್ಲಿ 31 ಗಿರಾಕಿಗಳು ಹೋಗಿದ್ದರು. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ನಿಯಮ ಇನ್ನೂ ಬಿಗಿಯಾಗಿದೆ. ಸ್ಪ್ಯಾಮ್ ದೂರು 0.3% ಮುಟ್ಟಬಾರದು. ಸಾವಿರಕ್ಕೆ ಮೂರೇ ಮೂರು ಜನ ಆ ಬಟನ್ ಒತ್ತಿದರೆ ಸಾಕು.

ಸೋಮವಾರ_6_10:
ಮೇಡಂ, ಒಂಬತ್ತು ವಾರ ಅಂತೀರಿ. ನನ್ನದು ಒಂದೇ ವಾರಾಂತ್ಯದಲ್ಲಿ ಮುಗಿಯಿತು. ಶುಕ್ರವಾರ ರಾತ್ರಿ ಕ್ಲೌಡ್‌ನ (ಬಳಸಿದಷ್ಟಕ್ಕೆ ಬಿಲ್ ಆಗುವ ಬಾಡಿಗೆ ಸರ್ವರ್‌ಗಳು) ಕೀ, ಅಂದರೆ ಪಾಸ್‌ವರ್ಡ್ ಥರದ್ದು, ಇದ್ದ ಫೈಲನ್ನೇ ಪಬ್ಲಿಕ್ ರೆಪೊಗೆ (ಎಲ್ಲರಿಗೂ ಕಾಣುವ ಕೋಡ್ ಜಾಗ) ಹಾಕಿ ಮಲಗಿದೆ. ಅಂಥ ಕೀ ಹುಡುಕೋಕೆ ಅಂತಲೇ ಬಾಟ್‌ಗಳು (ತಾವೇ ಓಡುವ ಪ್ರೋಗ್ರಾಂಗಳು) ಓಡಾಡುತ್ತಿರುತ್ತವೆ. ಸೋಮವಾರ ಬೆಳಿಗ್ಗೆ 6:10ಕ್ಕೆ ಎದ್ದು ನೋಡಿದರೆ, ನಾನು ಹೆಸರೂ ಕೇಳದ ಊರುಗಳ ಸರ್ವರ್ ಕೇಂದ್ರಗಳಲ್ಲಿ ನೂರಾರು ಸರ್ವರ್‌ಗಳು ನನ್ನ ಲೆಕ್ಕದಲ್ಲಿ ಯಾರಿಗೋ ಕ್ರಿಪ್ಟೊ ನಾಣ್ಯ ಅಗೆಯುತ್ತಿದ್ದವು. ಬಿಲ್ಲು? ನನ್ನ 19 ತಿಂಗಳ ಹೋಸ್ಟಿಂಗ್ ಬಜೆಟ್. ಸಪೋರ್ಟ್‌ನವರ ಜೊತೆ 23 ಮೇಲ್ ಆಡಿದ ಮೇಲೆ ಅರ್ಧ ಮನ್ನಾ ಆಯಿತು. ಬಿಲ್ ಅಲರ್ಟ್ ಇಟ್ಟಿದ್ದೆ ಅಂದುಕೊಂಡಿದ್ದೆ. ಇಟ್ಟಿದ್ದೆ ಕೂಡ. ಹಳೇ ಕಂಪನಿಯ ಇಮೇಲ್ ವಿಳಾಸಕ್ಕೆ.

ಒಂದೇ_ಮೆಷಿನ್:
ಅದಕ್ಕೇ ನಾನು ಹೇಳೋದು, ಶುರುವಿನಲ್ಲಿ ಕ್ಲೌಡ್ ಯಾಕ್ರಿ ಬೇಕು? ತಿಂಗಳಿಗೆ ಇಷ್ಟು ಅಂತ ಬಾಡಿಗೆಗೆ ಒಂದು ಮೆಷಿನ್ ತಗೊಂಡರೆ ಬಿಲ್ಲು ಏರುವ ಪ್ರಶ್ನೆಯೇ ಇಲ್ಲ. ನನ್ನದು ಆರು ವರ್ಷದಿಂದ ಒಂದೇ ಮೆಷಿನ್ನಿನಲ್ಲಿ ಓಡುತ್ತಿದೆ, 340 ಗಿರಾಕಿಗಳು, ಹೊರಗಿನ ಒಂದು ಕಾಸೂ ಇಲ್ಲ.

ನನ್ನ ಕಷ್ಟ ಬೇರೆ, ಚರ್ನ್, ಅಂದರೆ ಗಿರಾಕಿಗಳು ಬಿಟ್ಟು ಹೋಗೋದು. ತಿಂಗಳಿಗೆ 5% ಹೋಗ್ತಾರೆ ಅಂದರೆ ಕಿವಿಗೆ ಕಡಿಮೆ ಅನಿಸುತ್ತೆ. ಲೆಕ್ಕ ಹಾಕಿ: ವರ್ಷ ಮುಗಿಯುವಾಗ 100ರಲ್ಲಿ ಉಳಿಯೋದು 54. ಎರಡು ವರ್ಷ ನಾನು ಸೋರುವ ಕೊಡಕ್ಕೆ ನೀರು ಸುರಿದೆ. ಆಮೇಲೆ ಒಂದು ದಿನ ರೋಸಿ ದರವನ್ನು ಎರಡರಷ್ಟು ಮಾಡಿದೆ. 22 ಜನ ಬೈದು ಹೋದರು. ಫೋನ್ ಕಾಟ ಅರ್ಧಕ್ಕಿಂತ ಕಡಿಮೆ ಆಯಿತು, ಯಾಕಂದ್ರೆ ಜಾಸ್ತಿ ಫೋನ್ ಮಾಡ್ತಿದ್ದವರು ಆ 22 ಜನವೇ. ಹೂಡಿಕೆದಾರರು ಇದ್ದಿದ್ದರೆ ಹೀಗೆ ಮಾಡೋಕೆ ಬಿಡ್ತಿದ್ರಾ?

ಮಾರಿ_ಕೂತವ:
ಶುರುವಾಯ್ತು ನೋಡಿ, ಬಂಡವಾಳ ತಗೊಂಡವರೆಲ್ಲ ಮೂರ್ಖರು ಅನ್ನೋ ಪುರಾಣ. ಸರ್, 340 ಗಿರಾಕಿಗಳಲ್ಲಿ ನಿಮ್ಮೊಬ್ಬರ ಹೊಟ್ಟೆ ತುಂಬುತ್ತೆ, ಸಂತೋಷ. ನನ್ನ ಹತ್ತಿರ 18 ಜನಕ್ಕೆ ಕೆಲಸ ಇತ್ತು.

ಒಂದೇ_ಮೆಷಿನ್:
"ಇತ್ತು."

ಮಾರಿ_ಕೂತವ:
ಹೌದು, ಇತ್ತು. ನಗಬೇಡಿ. ಎರಡು ಸುತ್ತು ಬಂಡವಾಳ ಎತ್ತಿದೆ, 1ಎಕ್ಸ್ ಲಿಕ್ವಿಡೇಶನ್ ಪ್ರಿಫರೆನ್ಸ್, ಅಂದರೆ ಕಂಪನಿ ಮಾರಿದಾಗ ಹೂಡಿಕೆದಾರರು ಹಾಕಿದಷ್ಟು ದುಡ್ಡು ನನಗಿಂತ ಮೊದಲು ಅವರಿಗೆ. ಓದಿಯೇ ಸಹಿ ಹಾಕಿದ್ದೆ, ಅದು ಮಾಮೂಲಿ ಷರತ್ತೇ. ಅವರು 10 ಪಾಲು ಹಾಕಿದ್ದರು ಅಂದುಕೊಳ್ಳಿ, ಕಂಪನಿ ಮಾರಿದ್ದು 11 ಪಾಲಿಗೆ. ಮೊದಲು ಸಾಲ, ವಕೀಲರು, ನೌಕರರ ಬಾಕಿ ಹೋಯಿತು. ಆಮೇಲೆ 10 ಅವರಿಗೆ. ಐದು ವರ್ಷಕ್ಕೆ ನನಗೆ ಉಳಿದದ್ದು ಹಳೇ ನೌಕರಿಯ ಒಂಬತ್ತು ತಿಂಗಳ ಸಂಬಳ. ಆದರೂ ಅದೇ ದಾರಿ ಮತ್ತೆ ಹಿಡಿಯುತ್ತೇನೆ.

ಆಶಾವಾದಿ_ಬಾಟ್:
ಮನೆ, ರೂಮು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿಯವರು 2008ರಲ್ಲಿ ದುಡ್ಡಿಲ್ಲದೆ ಅಮೆರಿಕದ ಚುನಾವಣೆ ಹೆಸರಲ್ಲಿ ಬೆಳಗಿನ ತಿಂಡಿಯ ಸೀರಿಯಲ್ ಡಬ್ಬ ಮಾರಿ ಬದುಕಿದರು. ಆಫೀಸಿನವರ ಚಾಟ್ ಆ್ಯಪ್ ಸ್ಲ್ಯಾಕ್ ಹುಟ್ಟಿದ್ದು 2012ರಲ್ಲಿ ಮುಚ್ಚಿಹೋದ ಒಂದು ಗೇಮ್‌ನ ಕಂಪನಿಯಿಂದ. ಛಲ ಬೇಕು ಅಷ್ಟೇ!

ಸೋಮವಾರ_6_10:
ಡಬ್ಬ ಮಾರಿಯೂ ಮುಳುಗಿದವರ ಕಥೆ ಯಾರು ಬರೀತಾರೆ ಮಾರಾಯ್ರೆ? ಸುಮ್ನಿರಿ.

ಹೊಸಬ:
ಎಲ್ಲರಿಗೂ ಧನ್ಯವಾದ. ಆದರೆ ನನ್ನ ಪ್ರಶ್ನೆ... ನೌಕರಿ ಬಿಡಲಾ ಬೇಡವಾ?

ಸ್ಪ್ಯಾಮ್_ರಾಣಿ:
ಆ 11 ಜನರಲ್ಲಿ ದುಡ್ಡು ಯಾರು ಕೊಡ್ತಾರೆ ಅಂತ ಕೇಳಿದ್ದೀರಾ?

ಹೊಸಬ:
ಇಲ್ಲ. ಕೇಳೋಕೆ ಸಂಕೋಚ.

ಅರ್ಧಪಾಲು:
ಗೆಳೆಯನ ಹತ್ತಿರ ಕಾಗದ ಮಾಡಿಸೋಕೂ ಸಂಕೋಚನಾ?

ಒಂದೇ_ಮೆಷಿನ್:
14 ತಿಂಗಳು ಅನ್ನೋದನ್ನು 7 ಅಂತ ಓದಿಕೊಳ್ಳಿ. ಮತ್ತೆ ಮೇಲಿನ ಸರ್‌ಗೆ ಒಂದು ಮಾತು: ನಾನು ಮೂರ್ಖರು ಅಂತ ಎಲ್ಲೂ ಬರೆದಿಲ್ಲ.

ಮಾರಿ_ಕೂತವ:
ಬರೆಯೋದೇ ಬೇಕಾ?

ಹೊಸಬ (ಮೂರು ದಿನ ಬಿಟ್ಟು):
ಕೇಳಿದೆ. ಇಬ್ಬರು ಕೊಡ್ತೀವಿ ಅಂದರು. ಐದು ಜನ "ನೋಡೋಣ". ಮೂವರು ಉತ್ತರ ಕೊಟ್ಟಿಲ್ಲ. ಒಬ್ಬರು ತಮ್ಮ ನೋಟ್‌ಬುಕ್ಕಿನ ಫೋಟೊ ಕಳಿಸಿದರು, ಎರಡು ತಿಂಗಳಿಂದ ಲೆಕ್ಕ ಬರೆಯುತ್ತಿರೋದು ಅದರಲ್ಲೇ ಅಂತೆ. ನಾಳೆ ರಜೆ ಹಾಕಿ ಅವರ ಟ್ಯೂಷನ್ನಿಗೆ ಹೋಗಿ ಕೂರುತ್ತೇನೆ.