ಕಾಲೇಜಿಗೆ ಹೋಗ್ತೇನೆ ಅಂದ ಮಗನ ಬಗ್ಗೆ, ನೀರ್ಚಾಲಿನಿಂದ ಒಂದು ಉತ್ತರ

ಅಕ್ಕ, ನಮ್ಮ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಮೊನ್ನೆ ರಾತ್ರಿ ಓದಿದೆ. ಹನ್ನೊಂದನೇ ಗ್ರೇಡಿನ ಮಗ ಯೂನಿವರ್ಸಿಟಿ ಬೇಡ, ಕಾಲೇಜಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಟೆಕ್ನಾಲಜಿ ಮಾಡ್ತೇನೆ ಅಂತಿದ್ದಾನೆ, ಊರಲ್ಲಿ ಅತ್ತೆಗೆ ಏನಂತ ಹೇಳಲಿ ಅಂತ ಬರೆದಿದ್ದಿರಿ. ಬಂದ ಉತ್ತರಗಳಲ್ಲಿ ಜಾಸ್ತಿಯವು "ಹೇಗಾದ್ರೂ ಮಾಡಿ ಯೂನಿವರ್ಸಿಟಿಗೆ ಸೇರಿಸಿ" ಅಂತ. ಓದಿ ಬೇಸರ ಆಯಿತು. ನನ್ನ ಮಗ ಅದೇ ಕೋರ್ಸಿನ ಎರಡನೇ ವರ್ಷದಲ್ಲಿದ್ದಾನೆ. ನಾನೂ ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್‌ನ ಒಂದು ಕಾರ್ಖಾನೆಯ ಟೆಸ್ಟ್ ಬೆಂಚಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ. ಈಗ ಕ್ರಿಸ್‌ಮಸ್ ರಜೆಗೆ ಕಾಸರಗೋಡಿನ ನೀರ್ಚಾಲಿನ ತವರುಮನೆಗೆ ಬಂದಿದ್ದೇನೆ. ಕೈಯಲ್ಲಿ ಸಮಯ ಉಂಟು, ಸ್ವಲ್ಪ ಉದ್ದವೇ ಬರೆಯುತ್ತೇನೆ.

ಮೊದಲು ಆ "ಕಾಲೇಜು" ಅನ್ನುವ ಶಬ್ದ. ನಮ್ಮ ಊರಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಎಲ್ಲಿಗೆ ಹೋದರೂ ಕಾಲೇಜೇ. ಒಂಟಾರಿಯೊದಲ್ಲಿ ಹಾಗಲ್ಲ. ಅಲ್ಲಿ ಯೂನಿವರ್ಸಿಟಿ ಬೇರೆ, ಕಾಲೇಜು ಬೇರೆ. ಕಾಲೇಜಿನ ಈ ಕೋರ್ಸು ಮೂರು ವರ್ಷದ ಅಡ್ವಾನ್ಸ್‌ಡ್ ಡಿಪ್ಲೊಮಾ, ಆರು ಸೆಮಿಸ್ಟರ್. ಓದಿ ಬಂದವರನ್ನು ಟೆಕ್ನಾಲಜಿಸ್ಟ್ ಅಂತಾರೆ. ಇದೇ ವಿಷಯದಲ್ಲಿ ಎರಡು ವರ್ಷದ ಡಿಪ್ಲೊಮಾ ಕೂಡ ಉಂಟು, ಅದು ಟೆಕ್ನಿಷಿಯನ್. ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷದ ಇಂಜಿನಿಯರಿಂಗ್ ಓದಿ, ಅನುಭವ ಪಡೆದು, ಲೈಸೆನ್ಸ್ ತೆಗೆದುಕೊಂಡವರು ಪಿ.ಇಂಜ್., ಅಂದರೆ ಪ್ರೊಫೆಷನಲ್ ಇಂಜಿನಿಯರ್. ಅಲ್ಲಿ ಲೈಸೆನ್ಸ್ ಇಲ್ಲದೆ ಪ್ರೊಫೆಷನಲ್ ಇಂಜಿನಿಯರ್ ಅಂತ ಹೇಳಿಕೊಳ್ಳುವ ಹಾಗಿಲ್ಲ, ಅದಕ್ಕೆ ಕಾನೂನೇ ಉಂಟು. ಹಾಗಾಗಿ ಅತ್ತೆಗೆ "ಇಂಜಿನಿಯರಿಂಗ್ ಓದ್ತಾನೆ" ಅಂತ ಸುಮ್ನೆ ಹೇಳಿ ಮುಗಿಸಬೇಡಿ ಅಕ್ಕ. ನಾಳೆ ಮಗನೇ ಅದನ್ನು ತಿದ್ದಬೇಕಾಗುತ್ತದೆ. ಆಗ ಅವನಿಗೆ ತನ್ನ ಓದಿನ ಬಗ್ಗೆಯೇ ನಾಚಿಕೆ ಹುಟ್ಟುತ್ತದೆ.

ನಾನು ಮಗನಿಗೆ ಈ ಕೋರ್ಸು ಬೇಡ ಅಂದಿದ್ದೆ. ಕಾರಣ ಏನೂಂತ ಕೇಳಿ. ಕೆನಡಾಕ್ಕೆ ಬಂದ ಮೊದಲ ಎರಡು ವರ್ಷ ಏಜೆನ್ಸಿಯ ಮೂಲಕ ಅಸೆಂಬ್ಲಿ ಲೈನಿನಲ್ಲಿ ನಿಂತು ಬೋರ್ಡಿಗೆ ಕನೆಕ್ಟರ್ ಹಾಕಿದವಳು ನಾನು. ಸರ್ಕ್ಯೂಟ್ ಓದಲು ಬರುತ್ತದೆ ಅಂತ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಬರೀ ಡಿಪ್ಲೊಮಾ" ಅನ್ನುವ ಮಾತು ಊರಲ್ಲೂ ಕೇಳಿದ್ದೆ, ಅಲ್ಲೂ ಕೇಳಿದೆ. ಮಗನಿಗೆ ಅದು ಬರಬಾರದು ಅಂತ ಹಟ ಹಿಡಿದೆ. ಅವನು ಒಂದು ವರ್ಷ ಯೂನಿವರ್ಸಿಟಿಗೆ ಬೇಕಾದ ಗಣಿತ, ಭೌತಶಾಸ್ತ್ರ ಎಲ್ಲಾ ತೆಗೆದುಕೊಂಡು ಕಷ್ಟಪಟ್ಟ. ಊಟದ ಮೇಜಿನಲ್ಲಿ ಮಾತೇ ನಿಂತುಹೋಯಿತು. ಮಧ್ಯರಾತ್ರಿ ಬೇಸ್‌ಮೆಂಟಿನಲ್ಲಿ ಲೈಟ್ ಉರಿಯುತ್ತಿತ್ತು. ಇಳಿದು ನೋಡಿದರೆ ಹಳೇ ಆಂಪ್ಲಿಫಯರ್ ಬಿಚ್ಚಿಟ್ಟು ಒಂದೊಂದೇ ಕೆಪ್ಯಾಸಿಟರ್ ಅಳೆಯುತ್ತಿದ್ದ. ಅವತ್ತೇ ನಾನು ಸೋತೆ. ಅದಕ್ಕೂ ಮೊದಲೇ ಸೋಲಬೇಕಿತ್ತು.

ಮೊನ್ನೆ ಇಲ್ಲಿ ನಡೆದದ್ದು ಹೇಳುತ್ತೇನೆ. ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ ಅಲ್ವಾ, ಬೆಳಿಗ್ಗೆ ಅಪ್ಪ ಪಂಪ್ ಹಾಕಲು ಹೋದರೆ ಸ್ಟಾರ್ಟರ್ ಗುಂಯ್ ಅಂತ ಸದ್ದು ಮಾಡಿ ಆಫ್ ಆಗುತ್ತಿತ್ತು. ಹಿಂದೆ ಹೀಗೆ ಆದಾಗಲೆಲ್ಲ ಅಪ್ಪ ಮರದ ಕೋಲಿನಿಂದ ಅದನ್ನು ಒತ್ತಿ ಹಿಡಿಯುತ್ತಿದ್ದರು. ಬದಿಯಡ್ಕದಿಂದ ಇಲೆಕ್ಟ್ರಿಷಿಯನ್ ಬರುವುದು ಸಂಜೆಗೆ. ಮಗ ಮಲ್ಟಿಮೀಟರ್ ಹಿಡಿದುಕೊಂಡು ಹೋದ, ನಾನೂ ಜೊತೆಗೆ ನಿಂತೆ. ಮೊದಲು ಮೂರು ಫೇಸನ್ನೂ ಒಂದಕ್ಕೊಂದು ಅಳೆದ, ಮೂರೂ ನಾನೂರು ವೋಲ್ಟಿನ ಹತ್ತಿರ. "ಅಜ್ಜ, ಫೇಸ್ ಮೂರೂ ಉಂಟು, ತೊಂದರೆ ಒಳಗೆ" ಅಂದ. ಮೈನ್ ಸ್ವಿಚ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ತನ್ನ ಕಿಸೆಗೆ ಹಾಕಿಕೊಂಡ. ಯಾಕೆ ಕಿಸೆಗೆ ಅಂತ ಅಪ್ಪ ಕೇಳಿದರು. "ನಾನು ಕೈ ಹಾಕಿದಾಗ ಬೇರೆ ಯಾರೂ ಕರೆಂಟ್ ಹಾಕಬಾರದು, ಕಾಲೇಜಿನಲ್ಲಿ ಮೊದಲ ವಾರ ಇದನ್ನೇ ಕಲಿಸಿದ್ದು" ಅಂದ. ಇಷ್ಟೂ ಕನ್ನಡದಲ್ಲಿ. ಮತ್ತೆ ಒಮ್ಮೆ ಅಳೆದು, ಸೊನ್ನೆ ನೋಡಿದ ಮೇಲೆಯೇ ಸ್ಟಾರ್ಟರಿನ ಒಳಗೆ ಪಂಪಿಗೆ ಕರೆಂಟ್ ಜೋಡಿಸುವ ಕಾಂಟ್ಯಾಕ್ಟರ್ ಬಿಚ್ಚಿದ. ಒಳಗೆ ಒಂದು ಹಲ್ಲಿಮರಿ ಒಣಗಿ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಕಾಯಿಲಿಗೆ ಕರೆಂಟ್ ಬಂದಾಗ ಒಳಗಿನ ಕಬ್ಬಿಣದ ತುಂಡು ಪೂರ್ತಿ ಕೂರಬೇಕು. ಹಲ್ಲಿ ಅಡ್ಡ ಇದ್ದದ್ದರಿಂದ ಕೂರುತ್ತಿರಲಿಲ್ಲ, ಅದಕ್ಕೇ ಆ ಸದ್ದು. ಹಾಗೆಯೇ ಒತ್ತಿ ಹಿಡಿದು ಓಡಿಸಿದ್ದರೆ ಕಾಯಿಲ್ ಜಾಸ್ತಿ ಕರೆಂಟ್ ಎಳೆದು ಸುಟ್ಟುಹೋಗುತ್ತಿತ್ತು. ಕ್ಲೀನ್ ಮಾಡಿ ಹಾಕಿದ. ಪಂಪ್ ಓಡಿತು, ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗಲು ಶುರುವಾಯಿತು. ಅಪ್ಪ ಏನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಎಲೆಗೆ ತಾವೇ ಪಾಯಸ ಬಡಿಸಿದರು.

ಇದೊಂದು ಚಿಕ್ಕ ರಿಪೇರಿ, ಗೊತ್ತು. ಆದರೆ ಆ ಕೋರ್ಸಿನಲ್ಲಿ ಕಲಿಸುವುದು ಇದೇ ಕ್ರಮ: ಅಳೆ, ಯೋಚಿಸು, ಸುರಕ್ಷಿತ ಮಾಡಿಕೊ, ಆಮೇಲೆ ಬಿಚ್ಚು. ಮೊದಲ ವರ್ಷ ಓಮ್ ನಿಯಮ, ಕಿರ್ಚಾಫ್ ನಿಯಮ, ಡಿಜಿಟಲ್ ಲಾಜಿಕ್, ಬೆಸುಗೆ, ಆಸಿಲೋಸ್ಕೋಪ್. ಆಮೇಲೆ ಮೈಕ್ರೊಕಂಟ್ರೋಲರ್, ಸಿ ಪ್ರೋಗ್ರಾಮಿಂಗ್, ಪಿಸಿಬಿ ಅಂದರೆ ಸರ್ಕ್ಯೂಟ್ ಬೋರ್ಡಿನ ಡಿಸೈನ್, ಕಾರ್ಖಾನೆಯ ಯಂತ್ರ ನಡೆಸುವ ಚಿಕ್ಕ ಕಂಪ್ಯೂಟರ್ ಆದ ಪಿಎಲ್‌ಸಿ, ಕಂಟ್ರೋಲ್ ಸಿಸ್ಟಮ್. ಗಣಿತ ಕಡಿಮೆ ಅಂದುಕೊಳ್ಳಬೇಡಿ, ಕ್ಯಾಲ್ಕುಲಸ್ ಇದ್ದೇ ಉಂಟು. ಆದರೆ ಥಿಯರಿ ಕಲಿತ ವಾರವೇ ಲ್ಯಾಬಿನಲ್ಲಿ ಅದನ್ನು ಕಟ್ಟಿ ನೋಡುತ್ತಾರೆ. ನಮ್ಮ ಹುಡುಗನಂಥವರಿಗೆ ಅದೇ ಬೇಕಾದದ್ದು. ಕೋ-ಆಪ್ ಇರುವ ಕೋರ್ಸನ್ನೇ ಹುಡುಕಿ ಅಕ್ಕ. ಓದಿನ ನಡುವೆ ಸಂಬಳ ಕೊಡುವ ಕೆಲಸದಲ್ಲಿ ಕೆಲವು ತಿಂಗಳು ಇರುತ್ತಾರೆ. ನಾನು ಲೈನಿನಲ್ಲಿ ಕಳೆದ ಆ ಎರಡು ವರ್ಷ ಅವನಿಗೆ ಬೇಕಾಗುವುದಿಲ್ಲ.

ಕೆಲಸ ಎಲ್ಲೆಲ್ಲಿ ಸಿಗುತ್ತದೆ? ಕಾರ್ಖಾನೆಯ ಆಟೊಮೇಷನ್‌ನಲ್ಲಿ, ಪಿಎಲ್‌ಸಿ ನೋಡಿಕೊಳ್ಳುವವರಿಗೆ. ನನ್ನ ಹಾಗೆ ಟೆಸ್ಟ್ ಮತ್ತು ಕ್ಯಾಲಿಬ್ರೇಷನ್‌ನಲ್ಲಿ. ವಿದ್ಯುತ್ ಕಂಪೆನಿಗಳ ಸಬ್‌ಸ್ಟೇಷನ್‌ಗಳಲ್ಲಿ ರಿಲೇ (ತೊಂದರೆ ಆದಾಗ ಲೈನ್ ಕಡಿಯಲು ಹೇಳುವ ಉಪಕರಣ) ನೋಡುವ ವಿಭಾಗದಲ್ಲಿ. ಟೆಲಿಕಾಂ, ರೈಲ್ವೆ ಸಿಗ್ನಲ್, ವಿಮಾನದ ಉಪಕರಣ. ಆಸ್ಪತ್ರೆಯ ಬಯೊಮೆಡಿಕಲ್ ವಿಭಾಗವನ್ನು ಮಾತ್ರ ನಮ್ಮವರು ಯಾಕೋ ಲೆಕ್ಕಕ್ಕೇ ಹಿಡಿಯುವುದಿಲ್ಲ. ವೆಂಟಿಲೇಟರ್, ಡಯಾಲಿಸಿಸ್ ಯಂತ್ರಗಳನ್ನು ಪರೀಕ್ಷಿಸಿ ರಿಪೇರಿ ಮಾಡುವವರು ಅವರು, ಅದಕ್ಕಂತಲೇ ಬೇರೆ ಕೋರ್ಸುಗಳೂ ಉಂಟು. ಕಷ್ಟವನ್ನೂ ಹೇಳಬೇಕು. ಶುರುವಿನಲ್ಲಿ ರಾತ್ರಿ ಪಾಳಿ ಇರಬಹುದು. ಫೀಲ್ಡ್ ಸರ್ವಿಸ್ ಆದರೆ ಹಿಮ ಬೀಳುವ ದಿನವೂ ವ್ಯಾನ್ ಓಡಿಸಿಕೊಂಡು ಹೋಗಬೇಕು. ಡಿಸೈನ್ ವಿಭಾಗದ ಕೆಲವು ಹುದ್ದೆಗೆ ಡಿಗ್ರಿಯೇ ಕೇಳುತ್ತಾರೆ.

ಅನುಭವ ಆದ ಮೇಲೆ ಒಂಟಾರಿಯೊದಲ್ಲಿ ಓಸೆಟ್ ಅನ್ನುವ ಸಂಸ್ಥೆಯಿಂದ ಸಿ.ಇ.ಟಿ. ಅನ್ನುವ ಮಾನ್ಯತೆ ಪಡೆಯಬಹುದು. ನಮ್ಮ ಸಿಇಟಿ ಪರೀಕ್ಷೆ ಅಲ್ಲ, ಸರ್ಟಿಫೈಡ್ ಇಂಜಿನಿಯರಿಂಗ್ ಟೆಕ್ನಾಲಜಿಸ್ಟ್ ಅಂತ. ಓದು, ಕೆಲಸದ ಅನುಭವ ಎರಡನ್ನೂ ನೋಡುತ್ತಾರೆ, ವೃತ್ತಿಯ ನೀತಿ ಮತ್ತು ಕಾನೂನಿನ ಬಗ್ಗೆ ಒಂದು ಪರೀಕ್ಷೆಯೂ ಉಂಟು. ನನ್ನ ಊರಿನ ಡಿಪ್ಲೊಮಾ ಇಟ್ಟುಕೊಂಡೇ ಅದನ್ನು ಪಡೆದೆ. ಮುಂದೆ ಡಿಗ್ರಿ ಬೇಕು ಅನಿಸಿದರೆ ದಾರಿ ಮುಚ್ಚಿಲ್ಲ. ಥಂಡರ್ ಬೇಯ ಲೇಕ್‌ಹೆಡ್ ಯೂನಿವರ್ಸಿಟಿ ಟೆಕ್ನಾಲಜಿ ಓದಿದವರನ್ನು ಬೇಸಿಗೆಯ ಬ್ರಿಡ್ಜ್ ಕೋರ್ಸಿನ ಮೂಲಕ ಇಂಜಿನಿಯರಿಂಗ್ ಡಿಗ್ರಿಯ ಮೇಲಿನ ವರ್ಷಗಳಿಗೆ ಸೇರಿಸಿಕೊಳ್ಳುತ್ತದೆ. ನಮ್ಮಲ್ಲಿ ಪಾಲಿಟೆಕ್ನಿಕ್ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಹೋಗುವುದಿಲ್ಲವಾ, ಹಾಗೆಯೇ.

ಗುಂಪಿನಲ್ಲಿ ಇನ್ನೊಬ್ಬರು ಊರಿನ ತಮ್ಮನ ಮಗನನ್ನು ಇದೇ ಕೋರ್ಸಿಗೆ ಕೆನಡಾಕ್ಕೆ ಕರೆಸಬಹುದಾ ಅಂತ ಕೇಳಿದ್ದಾರೆ. ಇಲ್ಲಿ ಪ್ಲಸ್ ಟು ಓದುವ ನನ್ನ ಅಣ್ಣನ ಮಗನೂ ಅದನ್ನೇ ಕೇಳಿದ. ನಾನು ಬೇಡ ಅಂದೆ. ಅಲ್ಲೇ ನೆಲೆಸಿದವರ ಮಕ್ಕಳು ಕಟ್ಟುವ ಫೀಸ್ ಬೇರೆ, ಹೊರಗಿನಿಂದ ಬರುವವರ ಫೀಸ್ ಬೇರೆ, ಎಷ್ಟೋ ಪಟ್ಟು ಜಾಸ್ತಿ. 2024ರ ನವೆಂಬರ್ 1ರಿಂದ ಓದಿದ ಮೇಲೆ ಸಿಗುವ ವರ್ಕ್ ಪರ್ಮಿಟ್ಟಿನ ನಿಯಮವೂ ಬಿಗಿಯಾಗಿದೆ. ಕಾಲೇಜಿನ ಕೋರ್ಸು ಸರ್ಕಾರದ ಪಟ್ಟಿಯಲ್ಲಿ ಇರಲೇಬೇಕು. ಏಜೆಂಟ್ ಬಾಯಲ್ಲಿ ಹೇಳಿದ್ದನ್ನು ನಂಬಿ ಅಡಿಕೆ ತೋಟ ಅಡವಿಡಬೇಡಿ. ಇಲ್ಲೇ ಪೊವ್ವಲಿನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಉಂಟು. ಮಂಗಳೂರಿನಲ್ಲಿ ಕದ್ರಿಯ ಸರ್ಕಾರಿ ಪಾಲಿಟೆಕ್ನಿಕ್ ಕೆಪಿಟಿ 1946ರಿಂದ ಉಂಟು. ಕಾಸರಗೋಡು, ಮಂಜೇಶ್ವರ, ಹೊಸದುರ್ಗದ ಕಡೆ ಇದ್ದು ಓದಿದ, ಕನ್ನಡ ಅಥವಾ ತುಳು ಮನೆಮಾತಿನ ಮಕ್ಕಳು ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗ ಅಂತ ಅರ್ಜಿ ಹಾಕಬಹುದು. ಇಲ್ಲಿ ಇದ್ದು ಓದಿದ ವರ್ಷಗಳ ದಾಖಲೆ ಬೇಕಾಗುತ್ತದೆ, ಅದಕ್ಕೆ ಶಾಲೆಯ ಕಾಗದಪತ್ರ ಎಲ್ಲಾ ಈಗಲೇ ಒಟ್ಟು ಮಾಡಿಡಿ. ಡಿಪ್ಲೊಮಾ ಆದವರನ್ನು ಇಸ್ರೊ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ತೆಗೆದುಕೊಳ್ಳುತ್ತದೆ ಅಂತ ಹೇಳಿದಾಗ ಹುಡುಗನ ಮುಖ ಅರಳಿತು.

ಇನ್ನು ನಿಮ್ಮ ಮಗನ ವಿಷಯ. ಫೆಬ್ರವರಿ ಹೊತ್ತಿಗೆ ಶಾಲೆಯಲ್ಲಿ ಹನ್ನೆರಡನೇ ಗ್ರೇಡಿನ ಕೋರ್ಸ್ ಆಯ್ಕೆ ಬರುತ್ತದೆ. ನಮ್ಮವರು ಎಡವುವುದು ಅಲ್ಲೇ. ಅಲ್ಲಿ ಪ್ರತಿಯೊಂದು ಗಣಿತಕ್ಕೂ ಒಂದು ಕೋಡ್ ಉಂಟು. ಹನ್ನೊಂದರಲ್ಲಿ ಯೂನಿವರ್ಸಿಟಿ ಮಟ್ಟದ ಎಂಸಿಆರ್ 3 ಯು ಅಥವಾ ಯೂನಿವರ್ಸಿಟಿ, ಕಾಲೇಜು ಎರಡಕ್ಕೂ ಆಗುವ ಎಂಸಿಎಫ್ 3 ಎಂ ಗಣಿತ ಇದ್ದರೆ ಹನ್ನೆರಡರಲ್ಲಿ ಎಂಸಿಟಿ 4 ಸಿ ತೆಗೆದುಕೊಳ್ಳಬಹುದು. ಟೆಕ್ನಾಲಜಿ ಕೋರ್ಸಿಗೆ ಅಂತಲೇ ಮಾಡಿದ ಗಣಿತ ಅದು. ಕಾಲೇಜು ಮಟ್ಟದ ಎಂಬಿಎಫ್ 3 ಸಿ ಮಾತ್ರ ಇದ್ದರೆ ಆ ಬಾಗಿಲು ನೇರ ತೆರೆಯುವುದಿಲ್ಲ, ಗೈಡೆನ್ಸ್ ಟೀಚರ್ ಹತ್ತಿರ ಈಗಲೇ ಮಾತಾಡಬೇಕು. ಅವನು ಈ ವರ್ಷ ತೆಗೆದುಕೊಂಡ ಗಣಿತದ ಕೋಡ್ ಯಾವುದು ಅಂತ ಇಲ್ಲಿ ಬರೆಯಿರಿ ಅಕ್ಕ. ಅದು ನೋಡಿ ಮುಂದಿನದ್ದು ಹೇಳುತ್ತೇನೆ. ಬೇಕಿದ್ದರೆ ನನ್ನ ಮಗನ ಜೊತೆ ಅವನು ನೇರ ಮಾತಾಡಲಿ, ಇಬ್ಬರ ಪ್ರಾಯದಲ್ಲೂ ಜಾಸ್ತಿ ಅಂತರ ಇಲ್ಲ ಅಲ್ವಾ.